ಓದುಗರ ಪರ ವಾದಿಸಿದ ಮೆಕಾಲೆ

ಮೆಕಾಲೆ ಎಂಬ ಹೆಸರು ನಮ್ಮಲ್ಲಿ ಬೈಗುಳವಾಗಿ ಬಹಳ ಕಾಲವಾಯಿತು. ಇಂಗ್ಲಿಷ್ ವ್ಯಾಮೋಹದಿಂದ ಬೇಸತ್ತವರು, ಗುಮಾಸ್ತರನ್ನು ತಯಾರಿಸುವ ಶಿಕ್ಷಣವನ್ನು ಟೀಕಿಸುವವರು, ದೇಶಭಾಷೆಗಳ ಪಾಡಿಗೆ ಮರುಗುವವರು ಎಲ್ಲರೂ ಕೊನೆಗೆ ಬಂದು ನಿಲ್ಲುವುದು 1835ರ ಫೆಬ್ರುವರಿ 2ರಂದು ಆತ ಬರೆದ ಶಿಕ್ಷಣ ಟಿಪ್ಪಣಿಯ ಮುಂದೆ. ಅದೇ ದಿನ ಬ್ರಿಟಿಷ್ ಸಂಸತ್ತಿನಲ್ಲಿ ಆತ ಮಾಡಿದನೆನ್ನಲಾದ ಭಾಷಣವೊಂದು ಅಂತರ್ಜಾಲದಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಅಂದು ಮೆಕಾಲೆ ಇದ್ದದ್ದು ಕಲ್ಕತ್ತೆಯಲ್ಲಿ. ಆತನ ಮೇಲೆ ಆರೋಪ ಹೊರಿಸಲು ನಿಜವಾದ ಟಿಪ್ಪಣಿಯೇ ಧಾರಾಳವಾಗಿ ಸಾಕು. ಕಲ್ಪಿತ ಭಾಷಣದ ಅಗತ್ಯವಿರಲಿಲ್ಲ.

ಆದರೆ ಆತ ಸಂಸತ್ತಿನಲ್ಲಿ ನಿಜವಾಗಿಯೂ ಮಾಡಿದ ಒಂದು ಭಾಷಣವಿದೆ. 1841ರ ಫೆಬ್ರುವರಿ 5ರಂದು ಮಾಡಿದ ಆ ಭಾಷಣಕ್ಕೂ ಭಾರತದ ಶಿಕ್ಷಣಕ್ಕೂ ನೇರ ಸಂಬಂಧವಿಲ್ಲ. ಲೇಖಕ ಸತ್ತ ಮೇಲೆ ಅವನ ಪುಸ್ತಕದ ಹಕ್ಕು ಎಷ್ಟು ವರ್ಷ ಉಳಿಯಬೇಕು ಎಂಬ ಪ್ರಶ್ನೆಗೆ ಅದು ಸಂಬಂಧಿಸಿದ್ದು. ಗ್ರಂಥಸ್ವಾಮ್ಯದ ಅವಧಿಯನ್ನು ಹಿಗ್ಗಿಸುವ ಮಸೂದೆ ಜಗತ್ತಿನ ಯಾವುದೇ ಶಾಸನಸಭೆಗೆ ಬಂದಾಗಲೂ ಅದರ ವಿರೋಧಿಗಳು ಹುಡುಕಿ ತೆಗೆಯುವುದು ಇದೇ ಭಾಷಣವನ್ನು. ಮಾಡಿದವನು ಪುಸ್ತಕವ್ಯಾಪಾರದ ಶತ್ರುವಲ್ಲ. ಮುಂದೆ ಲೇಖನಿಯಿಂದಲೇ ಭಾರಿ ಸಂಪತ್ತು ಗಳಿಸಲಿದ್ದವನು ಎಂಬುದು ಗಮನಿಸಬೇಕಾದ ಸಂಗತಿ.

ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ ಹುಟ್ಟಿದ್ದು 1800ರ ಅಕ್ಟೋಬರ್ 25ರಂದು, ಇಂಗ್ಲೆಂಡಿನ ಲೆಸ್ಟರ್‌ಷೈರಿನಲ್ಲಿ. ತಂದೆ ಜಾಕರಿ ಮೆಕಾಲೆ ಗುಲಾಮಗಿರಿಯ ವಿರುದ್ಧ ಜೀವಮಾನವಿಡೀ ಹೋರಾಡಿದ ಧರ್ಮನಿಷ್ಠ. ಆಫ್ರಿಕದ ಸಿಯೆರಾ ಲಿಯೋನ್‌ನಲ್ಲಿ ಗವರ್ನರ್ ಆಗಿದ್ದವನು. ಮಗನ ಜ್ಞಾಪಕಶಕ್ತಿ ಅಸಾಧಾರಣವಾದುದು. ಒಮ್ಮೆ ಓದಿದ್ದು ಪುಟಗಟ್ಟಲೆ ಬಾಯಿಗೆ ಬರುತ್ತಿತ್ತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಏಕಸಂಧಿಗ್ರಾಹಿ. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದು ಮುಗಿಸಿ ವಕೀಲನಾದರೂ ವಕೀಲಿ ಹಿಡಿಯಲಿಲ್ಲ. 1825ರಲ್ಲಿ ‘ಎಡಿನ್‌ಬರೋ ರಿವ್ಯೂ’ ಪತ್ರಿಕೆಯಲ್ಲಿ ಬಂದ ಮಿಲ್ಟನ್ ಕುರಿತ ಪ್ರಬಂಧ ಅವನನ್ನು ಒಂದೇ ದಿನದಲ್ಲಿ ಪ್ರಸಿದ್ಧನನ್ನಾಗಿ ಮಾಡಿತು. 1830ರಲ್ಲಿ ಸಂಸತ್ತಿಗೆ ಬಂದ. ಮತದಾನ ಸುಧಾರಣೆಯ ಮಸೂದೆಯ ಚರ್ಚೆಯಲ್ಲಿ ವಾಗ್ಮಿಯೆನಿಸಿಕೊಂಡ.

ಹೊರಗಿನ ಕೀರ್ತಿಗೂ ಒಳಗಿನ ಪರಿಸ್ಥಿತಿಗೂ ಹೊಂದಾಣಿಕೆಯಿರಲಿಲ್ಲ. ತಂದೆಯ ವ್ಯಾಪಾರ ಮುಳುಗಿ ಸಾಲದ ಹೊರೆ, ತಮ್ಮತಂಗಿಯರ ಭಾರ ಹಿರಿಯ ಮಗನ ಮೇಲೆ ಬಿದ್ದವು. ಕೇಂಬ್ರಿಜ್‌ನಲ್ಲಿ ಗೆದ್ದಿದ್ದ ಚಿನ್ನದ ಪದಕಗಳನ್ನು ಮಾರಬೇಕಾಯಿತು. ಪತ್ರಿಕೆಗೆ ಬರೆದರೆ ವರ್ಷಕ್ಕೆ ಕೆಲವು ನೂರು ಪೌಂಡು ಸಿಗುತ್ತಿತ್ತು, ನಿಜ. ಆದರೆ ಪುಸ್ತಕವ್ಯಾಪಾರಿಯ ಬೇಡಿಕೆಗೆ ತಕ್ಕಂತೆ ಬರೆದು ಬದುಕುವ ಲೇಖಕನ ಸ್ಥಿತಿ ಅವನಿಗೆ ಹೇಸಿಗೆ ತರಿಸುತ್ತಿತ್ತು. ಲೇಖಕರ ಬಡತನವನ್ನು ಅರಿಯದ ಶ್ರೀಮಂತನೊಬ್ಬ ಅವರ ಹಕ್ಕಿನ ವಿರುದ್ಧ ಮಾತನಾಡಿದ ಎಂದು ಭಾವಿಸುವವರು ಈ ವರ್ಷಗಳನ್ನು ನೆನಪಿಡಬೇಕು.

ಭಾರತಕ್ಕೆ ಬಂದದ್ದೂ ಹಣಕ್ಕಾಗಿಯೇ. ಗವರ್ನರ್ ಜನರಲ್‌ನ ಸಮಿತಿಯಲ್ಲಿ ಕಾನೂನು ಸದಸ್ಯನ ಹುದ್ದೆಗೆ ವರ್ಷಕ್ಕೆ ಹತ್ತು ಸಾವಿರ ಪೌಂಡು ಸಂಬಳ. ಕೆಲವು ವರ್ಷ ಇದ್ದು ಉಳಿಸಿಕೊಂಡು ಹೋದರೆ ಜೀವನಪೂರ್ತಿ ಯಾರ ಹಂಗೂ ಇಲ್ಲದೆ ಬರೆಯಬಹುದೆಂಬ ಲೆಕ್ಕ. 1834ರ ಜೂನ್‌ನಲ್ಲಿ ತಂಗಿ ಹ್ಯಾನಾಳೊಂದಿಗೆ ಮದರಾಸು ತಲುಪಿದ. ಗವರ್ನರ್ ಜನರಲ್ ಬೆಂಟಿಂಕ್ ಆಗ ಊಟಿಯಲ್ಲಿದ್ದುದರಿಂದ ಮೆಕಾಲೆ ಪಲ್ಲಕ್ಕಿಯಲ್ಲಿ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳ ಮೂಲಕ ನೀಲಗಿರಿ ಹತ್ತಿದ. ಶ್ರೀರಂಗಪಟ್ಟಣ ಅವನಿಗೆ ಹೊಸ ಹೆಸರಾಗಿರಲಿಲ್ಲ. ಅವನ ದೊಡ್ಡಪ್ಪ ಕಾಲಿನ್ ಮೆಕಾಲೆ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಅಲ್ಲಿ ಸೆರೆಯಾಳಾಗಿದ್ದವನು. ಆ ಕೋಟೆಯ ಕಥೆಗಳನ್ನು ಹುಡುಗ ಮನೆಯಲ್ಲೇ ಕೇಳಿ ಬೆಳೆದಿದ್ದ.

ಕಲ್ಕತ್ತೆಯಲ್ಲಿ ಕಳೆದ ಮೂರೂವರೆ ವರ್ಷಗಳ ಕೆಲಸ ಮೂರು ಬಗೆಯದು. ಶಿಕ್ಷಣ ಟಿಪ್ಪಣಿ ಎಲ್ಲರಿಗೂ ಗೊತ್ತು. 1837ರಲ್ಲಿ ಸಿದ್ಧವಾದ ದಂಡಸಂಹಿತೆಯ ಕರಡು 1860ರಲ್ಲಿ ಭಾರತೀಯ ದಂಡಸಂಹಿತೆಯಾಗಿ ಅಂಗೀಕಾರಗೊಂಡು 2024ರ ಜೂನ್ ಕೊನೆಯವರೆಗೆ ನಮ್ಮ ನ್ಯಾಯಾಲಯಗಳನ್ನು ಆಳಿತು. ಮೂರನೆಯದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ: ಪತ್ರಿಕೆ ಹೊರಡಿಸಲು ಸರ್ಕಾರದ ಪರವಾನಗಿ ಬೇಕೆಂಬ ಕಟ್ಟಳೆಯನ್ನು ತೆಗೆದುಹಾಕಿದ 1835ರ ಕಾಯ್ದೆಯನ್ನು ಬರೆದವನೂ ಇವನೇ. ಮರುವರ್ಷವೇ ಕಲ್ಕತ್ತೆಯ ಆಂಗ್ಲ ಪತ್ರಿಕೆಗಳು, ಭಾರತದಲ್ಲಿದ್ದ ಬ್ರಿಟಿಷರಿಗಿದ್ದ ನ್ಯಾಯಾಲಯದ ವಿಶೇಷ ಸವಲತ್ತೊಂದನ್ನು ಆತ ಕಿತ್ತುಕೊಂಡನೆಂದು ಅವನ ಮೇಲೆ ತಿಂಗಳುಗಟ್ಟಲೆ ಕೆಸರೆರಚಿದವು. ಪತ್ರಿಕೆಗಳಿಗೆ ಕೊಟ್ಟ ಸ್ವಾತಂತ್ರ್ಯವನ್ನು ಆತ ಹಿಂದಕ್ಕೆ ಪಡೆಯಲು ಯತ್ನಿಸಲಿಲ್ಲ.

ಶಿಕ್ಷಣ ಟಿಪ್ಪಣಿಯಲ್ಲಿ ನಮ್ಮ ಸಾಹಿತ್ಯದ ಬಗ್ಗೆ ಆಡಿದ ಉಡಾಫೆಯ ಮಾತು ನಮಗೆ ಚುಚ್ಚುವುದು ಸಹಜ. ಆ ಭಾಷೆಗಳು ತನಗೆ ಬಾರವೆಂದು ಒಪ್ಪಿಕೊಂಡೇ ಅವುಗಳಲ್ಲಿರುವುದನ್ನು ತೂಗಿದ ಧಾರ್ಷ್ಟ್ಯಕ್ಕೆ ಕ್ಷಮೆಯಿಲ್ಲ. ಆದರೆ ಆ ಟಿಪ್ಪಣಿಯಲ್ಲಿ ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳದ ಇನ್ನೊಂದು ವಾದವಿದೆ. ಅದು ಪುಸ್ತಕವ್ಯಾಪಾರದ ಲೆಕ್ಕ. ಸರ್ಕಾರದ ಸಮಿತಿ ಮೂರು ವರ್ಷಗಳಲ್ಲಿ ಸುಮಾರು ಅರವತ್ತು ಸಾವಿರ ರೂಪಾಯಿ ಸುರಿದು ಸಂಸ್ಕೃತ, ಅರಬ್ಬಿ ಗ್ರಂಥಗಳನ್ನು ಅಚ್ಚು ಹಾಕಿಸಿತ್ತು. ಮಾರಾಟದಿಂದ ಬಂದದ್ದು ಒಂದು ಸಾವಿರವೂ ಇಲ್ಲ. ಅತ್ತ ಸ್ಕೂಲ್ ಬುಕ್ ಸೊಸೈಟಿ ವರ್ಷಕ್ಕೆ ಏಳೆಂಟು ಸಾವಿರ ಇಂಗ್ಲಿಷ್ ಪುಸ್ತಕಗಳನ್ನು ಮಾರಿ ಲಾಭವನ್ನೂ ಮಾಡುತ್ತಿತ್ತು. ಜನ ಕೈಯಿಂದ ಕಾಸು ಬಿಚ್ಚಿ ಯಾವುದನ್ನು ಕೊಳ್ಳುತ್ತಾರೆ ಎಂಬುದೇ ಮೆಕಾಲೆಯ ಅಳತೆಗೋಲು. ಒಂದು ನಾಗರಿಕತೆಯ ವಿದ್ಯೆಯನ್ನು ಅಳೆಯಲು ಅದು ತೀರ ಕಿರಿದಾದ ಕೋಲು. ಅದೇ ಕೋಲನ್ನು ಆರು ವರ್ಷಗಳ ಬಳಿಕ ಇಂಗ್ಲೆಂಡಿನ ಗ್ರಂಥಸ್ವಾಮ್ಯಕ್ಕೆ ಹಿಡಿದಾಗ ಅದು ಸರಿಯಾಗಿಯೇ ಕೂತಿತು.

1838ರಲ್ಲಿ ಸ್ವದೇಶಕ್ಕೆ ಮರಳಿದ ಮೆಕಾಲೆ ಮರುವರ್ಷ ಎಡಿನ್‌ಬರೋ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದ. ಆ ವೇಳೆಗೆ ಗ್ರಂಥಸ್ವಾಮ್ಯದ ಚರ್ಚೆ ಕಾವೇರಿತ್ತು. 1710ರ ಮೊದಲ ಕಾಯ್ದೆ ಲೇಖಕನಿಗೆ ಹದಿನಾಲ್ಕು ವರ್ಷಗಳ ಹಕ್ಕು ಕೊಟ್ಟು, ಅವಧಿ ಮುಗಿದಾಗ ಆತ ಬದುಕಿದ್ದರೆ ಇನ್ನೂ ಹದಿನಾಲ್ಕು ವರ್ಷ ಸೇರಿಸಿತ್ತು. 1814ರಲ್ಲಿ ಅದು ಇಪ್ಪತ್ತೆಂಟು ವರ್ಷ ಅಥವಾ ಲೇಖಕನ ಜೀವಿತಾವಧಿ, ಇವೆರಡರಲ್ಲಿ ಯಾವುದು ದೀರ್ಘವೋ ಅದು ಎಂದಾಯಿತು. ಇದು ಸಾಲದು, ಲೇಖಕ ಸತ್ತ ಮೇಲೂ ಅರವತ್ತು ವರ್ಷ ಹಕ್ಕು ಉಳಿಯಬೇಕು ಎಂಬ ಮಸೂದೆಯನ್ನು 1837ರಿಂದ ಮತ್ತೆ ಮತ್ತೆ ತರುತ್ತಿದ್ದವನು ಥಾಮಸ್ ನೂನ್ ಟಾಲ್ಫರ್ಡ್. ವಕೀಲ, ನಾಟಕಕಾರ, ಸಜ್ಜನ. ಡಿಕನ್ಸ್ ತನ್ನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯನ್ನು ಅರ್ಪಿಸಿದ್ದು ಇವನಿಗೇ. ಕವಿ ವರ್ಡ್ಸ್‌ವರ್ತ್ ಮಸೂದೆಯ ಹಿಂದಿನ ದೊಡ್ಡ ಶಕ್ತಿ. ಕಾರ್ಲೈಲ್ ಕೂಡ ಸಂಸತ್ತಿಗೆ ಅರ್ಜಿ ಸಲ್ಲಿಸಿದ್ದ.

ಟಾಲ್ಫರ್ಡ್‌ನ ಪಕ್ಷದಲ್ಲಿ ನ್ಯಾಯವಿರಲಿಲ್ಲವೆಂದಲ್ಲ. ಹಗುರವಾದ ಪುಸ್ತಕ ಬಂದ ವರ್ಷವೇ ಮಾರಾಟವಾಗಿ ಮರೆಯಾಗುತ್ತದೆ. ಗಟ್ಟಿಯಾದ ಕೃತಿಗೆ ಓದುಗ ಹುಟ್ಟಲು ದಶಕಗಳೇ ಹಿಡಿಯುತ್ತವೆ. ವರ್ಡ್ಸ್‌ವರ್ತ್‌ನ ಕವಿತೆಗಳನ್ನು ವಿಮರ್ಶಕರು ಮೊದಲು ಗೇಲಿ ಮಾಡಿದರು. ಜನ ಕೊಳ್ಳತೊಡಗುವ ಹೊತ್ತಿಗೆ ಆತನಿಗೆ ಎಪ್ಪತ್ತು. ಇನ್ನೇನು ಕಣ್ಣು ಮುಚ್ಚಿದರೆ ಮನೆಯವರಿಗೆ ದಕ್ಕುವುದೇನು ಎಂಬ ಅವನ ಚಿಂತೆ ಮನುಷ್ಯಸಹಜವಾದದ್ದು. ಸದನದ ಸಹಾನುಭೂತಿಯೂ ಲೇಖಕರ ಕಡೆಗೇ ಇತ್ತು.

ಆ ಸಂಜೆ ಮೆಕಾಲೆ ಎದ್ದುನಿಂತು ಮಾತನಾಡಿದ. ಮೊದಲಿಗೆ, ಪುಸ್ತಕದ ಮೇಲಿನ ಒಡೆತನ ನಿಸರ್ಗದತ್ತವಾದ ಹಕ್ಕು ಎಂಬ ವಾದವನ್ನು ಬದಿಗೆ ಸರಿಸಿದ. ಸತ್ತವನ ಆಸ್ತಿ ಯಾರಿಗೆ ಸೇರಬೇಕೆಂಬುದನ್ನು ಪ್ರಕೃತಿ ಎಲ್ಲಿಯೂ ಬರೆದಿಟ್ಟಿಲ್ಲ; ಒಂದೊಂದು ಸೀಮೆಯಲ್ಲಿ ಒಂದೊಂದು ಕಟ್ಟಳೆ ಎಂದು ತೋರಿಸಿದ. ಹಿರಿಯ ಮಗನಿಗೇ ಎಲ್ಲವೂ ಸೇರುವ ಇಂಗ್ಲೆಂಡಿನ ಸಭಿಕರಿಗೆ ಇದನ್ನು ವಿವರಿಸಬೇಕಿತ್ತು. ಮಕ್ಕಳಸಂತಾನ, ಅಳಿಯಸಂತಾನ ಎರಡನ್ನೂ ಅಕ್ಕಪಕ್ಕದಲ್ಲಿ ಕಂಡ ನಮ್ಮ ಕರಾವಳಿಯವರಿಗೆ ವಿವರಣೆ ಬೇಡ.

ಆಮೇಲೆ ಬಂದದ್ದು ಭಾಷಣದ ತಿರುಳು. ಲೇಖಕರು ಬರೆಯಬೇಕಾದರೆ ಅವರಿಗೆ ಪ್ರತಿಫಲ ಸಿಗಬೇಕು. ರಾಜರ, ಶ್ರೀಮಂತರ ಆಶ್ರಯಕ್ಕಿಂತ ಗ್ರಂಥಸ್ವಾಮ್ಯವೇ ಮೇಲು, ಏಕೆಂದರೆ ಆಶ್ರಯ ಲೇಖಕನನ್ನು ಗುಲಾಮನನ್ನಾಗಿ ಮಾಡುತ್ತದೆ. ಆದರೆ ಗ್ರಂಥಸ್ವಾಮ್ಯ ಏಕಸ್ವಾಮ್ಯವೇ. ಈಸ್ಟ್ ಇಂಡಿಯಾ ಕಂಪೆನಿಗಿದ್ದ ವ್ಯಾಪಾರದ ಏಕಸ್ವಾಮ್ಯಕ್ಕೂ ಇದಕ್ಕೂ ಜಾತಿಯಲ್ಲಿ ಭೇದವಿಲ್ಲ. ಏಕಸ್ವಾಮ್ಯವಿದ್ದಲ್ಲಿ ಸರಕು ದುಬಾರಿಯಾಗುತ್ತದೆ. ಹಾಗಾಗಿ ಅದು ಲೇಖಕನಿಗೆ ಕೊಡುವ ಸಲುವಾಗಿ ಓದುಗರ ಮೇಲೆ ಹಾಕುವ ತೆರಿಗೆ. ತೆರಿಗೆ ಬೇಕಾದಷ್ಟಿರಲಿ, ಬೇಕಾದ್ದಕ್ಕಿಂತ ಒಂದು ದಿನವೂ ಹೆಚ್ಚಿರಬಾರದು. ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಅವಧಿಯನ್ನು ಸಾವಿನಾಚೆಗೆ ಅರವತ್ತು ವರ್ಷ ಹಿಗ್ಗಿಸಿದರೆ ಓದುಗ ಕೊಡುವುದು ಹೆಚ್ಚುತ್ತದೆ, ನಿಜ, ಲೇಖಕನಿಗೆ ಸಿಗುವುದೂ ಅಷ್ಟೇ ಹೆಚ್ಚುತ್ತದೆಯೇ?

ಉತ್ತರಕ್ಕೆ ಆತ ಆರಿಸಿಕೊಂಡದ್ದು ಸ್ಯಾಮ್ಯುಯೆಲ್ ಜಾನ್ಸನ್‌ನ ಉದಾಹರಣೆ. ನಿಘಂಟುಕಾರ ಜಾನ್ಸನ್ ತೀರಿಕೊಂಡು ಆಗ ಐವತ್ತಾರು ವರ್ಷ. ಟಾಲ್ಫರ್ಡ್‌ನ ಕಾನೂನು ಆಗಲೇ ಇದ್ದಿದ್ದರೆ ಅವನ ಕೃತಿಗಳ ಏಕಸ್ವಾಮ್ಯ 1841ರಲ್ಲೂ ಯಾರದೋ ಕೈಯಲ್ಲಿರುತ್ತಿತ್ತು. ಯಾರದು? ಜಾನ್ಸನ್‌ಗೆ ಮಕ್ಕಳಿರಲಿಲ್ಲ, ಆಸ್ತಿಯ ಬಹುಪಾಲನ್ನು ಬಿಟ್ಟುಹೋದದ್ದು ಜಮೈಕಾದಲ್ಲಿ ಗುಲಾಮನಾಗಿ ಹುಟ್ಟಿದ ತನ್ನ ಸೇವಕ ಫ್ರಾನ್ಸಿಸ್ ಬಾರ್ಬರ್‌ಗೆ. ಅವನಿಂದ ಒಬ್ಬ ಪುಸ್ತಕವ್ಯಾಪಾರಿ, ಅವನಿಂದ ಇನ್ನೊಬ್ಬ, ಹೀಗೆ ಕೈಬದಲಾಗಿ ಯಾವನೋ ಅಪರಿಚಿತ ವರ್ತಕನ ಪಾಲಾಗುತ್ತಿತ್ತು. ಆ ವರ್ತಕನ ಲಾಭದ ಭರವಸೆ ಜಾನ್ಸನ್‌ನನ್ನು ಒಂದು ಸಾಲು ಹೆಚ್ಚು ಬರೆಯುವಂತೆ ಮಾಡುತ್ತಿತ್ತೇ? ಹಸಿದು ದುಡಿದ ಕಾಲದಲ್ಲಿ ಅವನಿಗೆ ಬೇಕಿದ್ದದ್ದು ಎರಡು ಕಾಸಿನ ಊಟ. ಅರ್ಧ ಶತಮಾನದ ನಂತರದ ಲಾಭ ಅವನ ಮಟ್ಟಿಗೆ ಏನೂ ಅಲ್ಲ. ಆದರೆ ಅವನ ಪುಸ್ತಕವನ್ನು ಅಧಿಕ ಬೆಲೆಗೆ ಕೊಳ್ಳುವ ಇಂದಿನ ಓದುಗನಿಗೆ ನಷ್ಟ ಕಣ್ಣಮುಂದೆಯೇ ಇದೆ.

ಲೇಖಕರ ಸಂತಾನಕ್ಕೆ ಸಹಾಯವಾಗುತ್ತದೆ ಎಂಬ ಮಾತಿಗೆ ಮಿಲ್ಟನ್‌ನ ಮೊಮ್ಮಗಳ ಕಥೆ ಉತ್ತರವಾಯಿತು. ‘ಪ್ಯಾರಡೈಸ್ ಲಾಸ್ಟ್’ ಕಾವ್ಯದ ಹಕ್ಕು ತನ್ನದೆಂದು ಟಾನ್ಸನ್ ಎಂಬ ಪ್ರಕಾಶಕ ನ್ಯಾಯಾಲಯದಿಂದ ತಡೆಯಾಜ್ಞೆ ತರುತ್ತಿದ್ದ ಕಾಲದಲ್ಲೇ, ಆ ಮಹಾಕವಿಯ ಮೊಮ್ಮಗಳು ಕಡುಬಡತನದಲ್ಲಿದ್ದಳು. 1750ರಲ್ಲಿ ನಟ ಗ್ಯಾರಿಕ್ ಅವಳ ಸಹಾಯಾರ್ಥವಾಗಿ ಮಿಲ್ಟನ್‌ನದೇ ರೂಪಕವೊಂದನ್ನು ಆಡಿಸಿ ಹಣ ಕೂಡಿಸಿಕೊಡಬೇಕಾಯಿತು. ಓದುಗರು ತೆರಿಗೆ ಕೊಟ್ಟರು. ಕವಿಯ ಮನೆಗೆ ಚಿಕ್ಕಾಸೂ ಬರಲಿಲ್ಲ.

ಹಕ್ಕು ಮನೆಯಲ್ಲೇ ಉಳಿದರೆ ಇನ್ನೊಂದು ಅಪಾಯ. ಕಾದಂಬರಿಕಾರ ರಿಚರ್ಡ್‌ಸನ್‌ನ ಮೊಮ್ಮಗನೊಬ್ಬ ಪಾದ್ರಿ. ಕಾದಂಬರಿ ಓದುವುದೇ ಪಾಪವೆಂದು ನಂಬಿ ಅಜ್ಜನ ಪುಸ್ತಕವನ್ನು ತೆರೆದೂ ನೋಡದವನು. ಬಾಸ್ವೆಲ್ ಬರೆದ ಜಾನ್ಸನ್‌ನ ಜೀವನಚರಿತ್ರೆ ತಮ್ಮ ಮನೆತನಕ್ಕೆ ಅಂಟಿದ ಕಳಂಕವೆಂದು ಅವನ ಹಿರಿಯ ಮಗನೇ ತಿಳಿದಿದ್ದ. ಇಂಥವರ ಕೈಯಲ್ಲಿ ಹಕ್ಕು ಇದ್ದರೆ ಶ್ರೇಷ್ಠ ಕೃತಿಗಳು ಮರುಮುದ್ರಣವಿಲ್ಲದೆ ಸಾಯುವುದಿಲ್ಲವೇ? ಕೊನೆಗೊಂದು ಎಚ್ಚರಿಕೆ: ಜನರಿಗೆ ಅನ್ಯಾಯವೆಂದು ತೋರುವ ಕಾನೂನನ್ನು ಜನ ಗೌರವಿಸುವುದಿಲ್ಲ. ಸತ್ತವರ ಪುಸ್ತಕಗಳಿಗೆ ಬೇಲಿ ಹಾಕಿದರೆ ಕಳ್ಳಮುದ್ರಕನಿಗೆ ಊರೇ ಬೆಂಬಲವಾಗಿ ನಿಲ್ಲುತ್ತದೆ. ಆ ಗದ್ದಲದಲ್ಲಿ ಬದುಕಿರುವ ಲೇಖಕನ ನ್ಯಾಯವಾದ ಹಕ್ಕೂ ಕೊಚ್ಚಿಹೋಗುತ್ತದೆ. ಸಂಗೀತ, ಸಿನಿಮಾಗಳ ಅನಧಿಕೃತ ಪ್ರತಿಗಳನ್ನು ಯಾವ ಅಳುಕೂ ಇಲ್ಲದೆ ಹಂಚಿಕೊಳ್ಳುವ ನಮ್ಮ ಕಾಲಕ್ಕೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಮಸೂದೆ 45–38 ಮತಗಳಿಂದ ಬಿದ್ದುಹೋಯಿತು. ಒಂದೇ ಭಾಷಣ ಮಸೂದೆಯೊಂದನ್ನು ಉರುಳಿಸಿದ ಪ್ರಸಂಗಗಳು ಸಂಸತ್ತಿನ ಚರಿತ್ರೆಯಲ್ಲಿ ವಿರಳ.

ಈ ಭಾಷಣದಲ್ಲಿ ವಕೀಲಿಯ ಜಾಣತನವೂ ಇದೆಯೆನ್ನಬೇಕು. ಸಂತಾನವಿಲ್ಲದ ಜಾನ್ಸನ್‌ನನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಪತ್ನಿಯನ್ನೂ ಎಳೆಯ ಮಕ್ಕಳನ್ನೂ ಬಿಟ್ಟು ಅಕಾಲದಲ್ಲಿ ಸತ್ತ ಲೇಖಕನ ಪ್ರಶ್ನೆಯನ್ನು ಆತ ಆ ದಿನ ಹೆಚ್ಚು ಮುಟ್ಟಲಿಲ್ಲ. ಅದಕ್ಕೆ ಉತ್ತರಿಸುವ ಸಂದರ್ಭ ಮರುವರ್ಷವೇ ಬಂತು. ಟಾಲ್ಫರ್ಡ್ ಸಂಸತ್ತಿನಲ್ಲಿರಲಿಲ್ಲ, ಲಾರ್ಡ್ ಮಹನ್ ಮಸೂದೆಯನ್ನು ಕೈಗೆತ್ತಿಕೊಂಡು ಲೇಖಕನ ಸಾವಿನ ನಂತರ ಇಪ್ಪತ್ತೈದು ವರ್ಷ ಸಾಕೆಂದ. 1842ರ ಏಪ್ರಿಲ್ 6ರಂದು ಮೆಕಾಲೆ ಬರಿದೆ ವಿರೋಧಿಸದೆ ಪರ್ಯಾಯವನ್ನೇ ಮುಂದಿಟ್ಟ: ಪ್ರಕಟಣೆಯಿಂದ ನಲವತ್ತೆರಡು ವರ್ಷ, ಅಥವಾ ಲೇಖಕನ ಜೀವಿತಾವಧಿ. ಸಾವಿನಿಂದ ಲೆಕ್ಕ ಹಿಡಿದರೆ ಅವಧಿ ಅದೃಷ್ಟದಾಟವಾಗುತ್ತದೆ ಎಂಬುದು ಅವನ ವಾದ. ಎಳೆಯ ವಯಸ್ಸಿನಲ್ಲಿ ಬರೆದ ಅಪಕ್ವ ಕೃತಿಗೆ ಹೆಚ್ಚು ವರ್ಷ, ಮಾಗಿದ ಮೇಲೆ ಬರೆದ ಶ್ರೇಷ್ಠ ಕೃತಿಗೆ ಕಡಿಮೆ. ದೀರ್ಘಾಯುಷಿಗೆ ಲಾಭ, ಅಲ್ಪಾಯುಷಿಯ ವಿಧವೆಗೆ ನಷ್ಟ. ಪ್ರಕಟಣೆಯಿಂದ ಎಣಿಸಿದರೆ ಅಕಾಲದಲ್ಲಿ ಸತ್ತವನ ಮನೆಯವರಿಗೇ ಹೆಚ್ಚು ರಕ್ಷಣೆ. ಸದನ ಒಪ್ಪಿತು, ಸಾವಿನ ನಂತರ ಏಳು ವರ್ಷ ಎಂಬುದನ್ನು ಸೇರಿಸಿ, ನಲವತ್ತೆರಡು ವರ್ಷ ಅಥವಾ ಸಾವಿನಾಚೆಗೆ ಏಳು ವರ್ಷ, ಇವೆರಡರಲ್ಲಿ ದೀರ್ಘವಾದದ್ದು ಎಂದು ಕಾಯ್ದೆ ಮಾಡಿತು. ಈಸ್ಟ್ ಇಂಡಿಯಾ ಕಂಪೆನಿಯ ಸರ್ಕಾರ 1847ರಲ್ಲಿ ಭಾರತಕ್ಕೆ ಮಾಡಿದ ಗ್ರಂಥಸ್ವಾಮ್ಯ ಕಾಯ್ದೆಯಲ್ಲೂ ಇದೇ ಲೆಕ್ಕ. ದಂಡಸಂಹಿತೆಯಂತೆ ನಮ್ಮ ಮೊದಲ ಪುಸ್ತಕ ಕಾನೂನಿನಲ್ಲೂ ಅವನ ಕೈಯ ಗುರುತಿದೆ. ಇದನ್ನು ಬಲ್ಲವರು ಕಡಿಮೆ.

ಮುಂದಿನ ಹದಿನೇಳು ವರ್ಷಗಳಲ್ಲಿ ವಿಧಿ ಅವನನ್ನು ಅದೇ ಪ್ರಶ್ನೆಯ ಇನ್ನೊಂದು ಬದಿಯಲ್ಲಿ ನಿಲ್ಲಿಸಿತು. ಅವನ ಪ್ರಬಂಧಗಳನ್ನು ಅಮೆರಿಕದ ಪ್ರಕಾಶಕರು ಕೇಳದೆ ಸಂಕಲಿಸಿ ಮುದ್ರಿಸಿದರು. ವಿದೇಶಿ ಲೇಖಕರಿಗೆ ಆ ದೇಶದ ಕಾನೂನಿನಲ್ಲಿ ಆಗ ಯಾವ ಹಕ್ಕೂ ಇರಲಿಲ್ಲ. ಆ ಪ್ರತಿಗಳು ಹಡಗಿನಲ್ಲಿ ಇಂಗ್ಲೆಂಡಿಗೇ ಬಂದು ಮಾರಾಟವಾಗತೊಡಗಿದಾಗ, ಪತ್ರಿಕೆಯ ಬರಹ ಪುಸ್ತಕಕ್ಕೆ ತಕ್ಕುದಲ್ಲವೆಂದು ಹಿಂಜರಿಯುತ್ತಿದ್ದ ಮೆಕಾಲೆ 1843ರಲ್ಲಿ ತಾನೇ ಸಂಕಲನ ಹೊರತರಬೇಕಾಯಿತು. 1848ರ ಕೊನೆಗೆ ಇಂಗ್ಲೆಂಡಿನ ಇತಿಹಾಸದ ಮೊದಲೆರಡು ಸಂಪುಟಗಳು ಬಂದವು. ನಾಲ್ಕು ತಿಂಗಳೊಳಗೆ ಹದಿಮೂರು ಸಾವಿರ ಪ್ರತಿ ಖರ್ಚಾದವು. ಅಮೆರಿಕದ ಹಾರ್ಪರ್ ಸಂಸ್ಥೆ ತಾನು ಆಗಲೇ ನಲವತ್ತು ಸಾವಿರ ಪ್ರತಿ ಮಾರಿರುವುದಾಗಿಯೂ ಇತರರೂ ಮುದ್ರಿಸುತ್ತಿರುವುದಾಗಿಯೂ ಅವನಿಗೇ ಹೆಮ್ಮೆಯಿಂದ ಪತ್ರ ಬರೆದು, ಜೊತೆಗೆ ತನ್ನ ಅಗ್ಗದ ಆವೃತ್ತಿಯ ಒಂದು ಪ್ರತಿಯನ್ನು ಕಾಣಿಕೆಯಾಗಿ ಕಳಿಸಿತು. 1853ರಲ್ಲಿ ಲಂಡನ್ನಿನ ವಿಜೆಟೆಲಿ ಎಂಬ ಪ್ರಕಾಶಕ ಅವನ ಭಾಷಣಗಳನ್ನೇ ಅನುಮತಿಯಿಲ್ಲದೆ, ತಪ್ಪುಗಳ ಸಮೇತ ಅಚ್ಚು ಹಾಕಿದ. ಮೆಕಾಲೆ ಉರಿದುಬಿದ್ದ, ಅವಸರವಾಗಿ ತನ್ನದೇ ಪರಿಷ್ಕೃತ ಆವೃತ್ತಿ ತಂದ. ಗ್ರಂಥಸ್ವಾಮ್ಯದ ಮೇಲಿನ ಎರಡು ಭಾಷಣಗಳಿಗೆ ಅದರಲ್ಲಿ ಜಾಗ ಕೊಟ್ಟ; ಹಳೆಯ ವಾದದಿಂದ ಹಿಂದೆ ಸರಿಯಲಿಲ್ಲ.

1855ರ ಡಿಸೆಂಬರ್‌ನಲ್ಲಿ ಮುಂದಿನ ಎರಡು ಸಂಪುಟಗಳು ಬಂದವು. 1856ರ ಮಾರ್ಚ್‌ನಲ್ಲಿ ಲಾಂಗ್‌ಮನ್ ಸಂಸ್ಥೆ ಅವನ ಹೆಸರಿಗೆ ಇಪ್ಪತ್ತು ಸಾವಿರ ಪೌಂಡಿನ ಚೆಕ್ ಬರೆಯಿತು. ಗವರ್ನರ್ ಜನರಲ್‌ನ ಸಮಿತಿಯಲ್ಲಿ ಎರಡು ವರ್ಷ ಕೂತರೆ ಬರುತ್ತಿದ್ದಷ್ಟು ಹಣ, ಪುಸ್ತಕ ಬಂದ ಮೂರು ತಿಂಗಳಲ್ಲಿ. ಲೇಖಕನಿಗೆ ಬೇಕಾದದ್ದು ಬದುಕಿದ್ದಾಗಿನ ಪ್ರತಿಫಲ ಎಂಬ ಮಾತನ್ನು ಅವನ ಬಾಳೇ ಸಮರ್ಥಿಸಿತು. ಎಲ್ಲರೂ ಮೆಕಾಲೆಗಳಲ್ಲ ಎಂದು ವರ್ಡ್ಸ್‌ವರ್ತ್ ಬದುಕಿದ್ದರೆ ಹೇಳುತ್ತಿದ್ದನೋ ಏನೋ. ಆತ ತೀರಿಕೊಂಡು ಆಗ ಆರು ವರ್ಷವಾಗಿತ್ತು.

1857ರಲ್ಲಿ ಮೆಕಾಲೆ ಲಾರ್ಡ್ ಆದ. ಮದುವೆಯಾಗಿರಲಿಲ್ಲ. 1859ರ ಡಿಸೆಂಬರ್ 28ರ ಸಂಜೆ ಕೆನ್ಸಿಂಗ್ಟನ್ನಿನ ಮನೆಯ ಪುಸ್ತಕದ ಕೋಣೆಯಲ್ಲಿ ಆರಾಮಕುರ್ಚಿಯ ಮೇಲೆ ಕೂತಂತೆಯೇ ಪ್ರಾಣ ಹೋಯಿತು; ಪಕ್ಕದ ಮೇಜಿನ ಮೇಲೆ ಓದುತ್ತಿದ್ದ ಪುಸ್ತಕ ತೆರೆದೇ ಇತ್ತು. ವೆಸ್ಟ್‌ಮಿನ್‌ಸ್ಟರ್ ಅಬೆಯ ಕವಿಗಳ ಮೂಲೆಯಲ್ಲಿ ಮಣ್ಣು ಮಾಡಿದರು. ತಾನೇ ಒಪ್ಪಿಸಿದ ಲೆಕ್ಕದ ಪ್ರಕಾರ ಅವನ ಇತಿಹಾಸದ ಮೊದಲೆರಡು ಸಂಪುಟಗಳ ಹಕ್ಕು 1890ಕ್ಕೆ, ಮುಂದಿನೆರಡರದು 1897ಕ್ಕೆ ಮುಗಿಯಿತು.

ಆ ಲೆಕ್ಕವೂ ಹೆಚ್ಚು ಕಾಲ ಬಾಳಲಿಲ್ಲ. 1911ರಲ್ಲಿ ಬ್ರಿಟಿಷ್ ಸಂಸತ್ತು ಸಾವಿನ ನಂತರ ಐವತ್ತು ವರ್ಷ ಎಂದಿತು. ಆದರೂ ಇಪ್ಪತ್ತೈದು ವರ್ಷ ಕಳೆದ ಮೇಲೆ ವಾರಸುದಾರರಿಗೆ ನೂರಕ್ಕೆ ಹತ್ತು ಗೌರವಧನ ಕೊಟ್ಟು ಯಾರು ಬೇಕಾದರೂ ಮುದ್ರಿಸಬಹುದೆಂಬ ಕಿಂಡಿಯೊಂದನ್ನು ಬಿಟ್ಟಿತ್ತು. ಮೆಕಾಲೆಯ ಭಯ ಅಷ್ಟರಮಟ್ಟಿಗೆ ಇನ್ನೂ ಉಳಿದಿತ್ತು. ಅನಂತರದ ಕಾಯ್ದೆಗಳಲ್ಲಿ ಆ ಕಿಂಡಿಯೂ ಮುಚ್ಚಿತು. ಅಮೆರಿಕ 1998ರಲ್ಲಿ ಇದ್ದ ಅವಧಿಗೆ ಇನ್ನೂ ಇಪ್ಪತ್ತು ವರ್ಷ ಸೇರಿಸಿತು, ಅದೂ ಎಂದೋ ಪ್ರಕಟವಾಗಿದ್ದ ಕೃತಿಗಳಿಗೂ ಅನ್ವಯವಾಗುವಂತೆ. ಸತ್ತವರನ್ನು ಪ್ರೋತ್ಸಾಹಿಸಿ ಹೊಸದಾಗಿ ಬರೆಸುವುದು ಸಾಧ್ಯವೇ ಎಂಬ ಪ್ರಶ್ನೆ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. ಐವರು ನೊಬೆಲ್ ಪುರಸ್ಕೃತರು ಸೇರಿದಂತೆ ಹದಿನೇಳು ಅರ್ಥಶಾಸ್ತ್ರಜ್ಞರು, ಹೆಚ್ಚಿನ ವರ್ಷಗಳಿಂದ ಲೇಖಕನಿಗೆ ಸಿಗುವ ಉತ್ತೇಜನ ನಗಣ್ಯವೆಂದು ಲೆಕ್ಕ ಹಾಕಿ ತೋರಿಸಿದರು. ಜಾನ್ಸನ್‌ನ ಕಥೆಯನ್ನೇ ಅವರು ಗಣಿತದಲ್ಲಿ ಬರೆದಿದ್ದರು ಎನ್ನಬಹುದು. 2003ರಲ್ಲಿ ಏಳು ನ್ಯಾಯಮೂರ್ತಿಗಳು ಕಾಯ್ದೆಯನ್ನು ಎತ್ತಿಹಿಡಿದರು. ಭಿನ್ನಮತ ಬರೆದ ಇಬ್ಬರಲ್ಲಿ ಒಬ್ಬರಾದ ನ್ಯಾಯಮೂರ್ತಿ ಬ್ರೇಯರ್ ಮೆಕಾಲೆಯ ತೆರಿಗೆಯ ಮಾತನ್ನು ನೆನೆದರು.

ನಮ್ಮಲ್ಲಿ ಈ ಚರ್ಚೆ ಇಷ್ಟೂ ನಡೆಯಲಿಲ್ಲ. 1957ರ ಕಾಯ್ದೆಯಲ್ಲಿ ಅವಧಿ ಸಾವಿನ ನಂತರ ಐವತ್ತು ವರ್ಷ. 1941ರಲ್ಲಿ ನಿಧನರಾದ ರವೀಂದ್ರನಾಥ ಟ್ಯಾಗೋರರ ಕೃತಿಗಳು 1991ರ ಕೊನೆಗೆ ಸಾರ್ವಜನಿಕ ಸ್ವತ್ತಾಗಬೇಕಿತ್ತು. ಹಕ್ಕು ಹೊಂದಿದ್ದ ವಿಶ್ವಭಾರತಿಗೆ ಆತಂಕವಾಯಿತು. ವರ್ಷ ಮುಗಿಯಲು ನಾಲ್ಕು ದಿನವಿರುವಾಗ ಸುಗ್ರೀವಾಜ್ಞೆ ಹೊರಟು, 1992ರ ತಿದ್ದುಪಡಿಯಿಂದ ಅವಧಿ ಅರವತ್ತು ವರ್ಷವಾಯಿತು. ಕವಿ ಕಟ್ಟಿದ ವಿದ್ಯಾಸಂಸ್ಥೆಗೆ ಆಸರೆಯಾಗಲಿ ಎಂಬ ಆಶಯ ಸಾಧುವಾದದ್ದೇ. ಲಾಭ ಅಪರಿಚಿತ ವರ್ತಕನಿಗೆ ಹೋಗಲಿಲ್ಲ ಎಂಬುದನ್ನೂ ಮರೆಯಬಾರದು. ಆದರೆ ಒಬ್ಬರಿಗಾಗಿ ಮಾಡಿದ ಕಾನೂನು ಎಲ್ಲರಿಗೂ ಅನ್ವಯಿಸಿತು. 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1996ರ ಬದಲು 2006ರ ಕೊನೆಯವರೆಗೆ ಕಾಯಿತು. ಆ ಹತ್ತು ವರ್ಷಗಳ ಬೆಲೆ ಕನ್ನಡದ ಓದುಗನಿಗೆ ಎಷ್ಟು ಬಿತ್ತು, ವಾರಸುದಾರರಿಗೆ ಎಷ್ಟು ದಕ್ಕಿತು ಎಂದು ದೆಹಲಿಯಲ್ಲಿ ಯಾರಾದರೂ ಕೇಳಿದ್ದಕ್ಕೆ ಕುರುಹಿಲ್ಲ.

1943ರಲ್ಲಿ ಮೊದಲು ಪ್ರಕಟವಾದ ‘ಮಂಕುತಿಮ್ಮನ ಕಗ್ಗ’ವನ್ನು ತೆಗೆದುಕೊಳ್ಳೋಣ. ಡಿವಿಜಿ ತೀರಿಕೊಂಡದ್ದು 1975ರಲ್ಲಿ. 1842ರ ಲೆಕ್ಕದಲ್ಲಿ ಕಗ್ಗದ ಹಕ್ಕು 1985ಕ್ಕೆ ಮುಗಿಯುತ್ತಿತ್ತು. ಈಗಿನ ಕಾಯ್ದೆಯಂತೆ ಅದು ಸಾರ್ವಜನಿಕರದಾಗುವುದು 2036ರ ಜನವರಿ 1ರಂದು, ಮಧ್ಯೆ ಇನ್ನೊಂದು ಸುಗ್ರೀವಾಜ್ಞೆ ಬಾರದಿದ್ದರೆ.